ಕಂಬದ ಮೇಲಿನ ದನಿ

ಅವಳನ್ನು ಬೀದಿಯವರೆಲ್ಲ ಕಂಬದಮ್ಮ ಎಂದೇ ಕರೆಯುತ್ತಿದ್ದರು. ಹೊಸಬರು ಕೇಳಿದರೆ ಯಾವುದೋ ದೇವರ ಹೆಸರು ಅಂದುಕೊಳ್ಳಬೇಕು. ದೇವರೂ ಅಲ್ಲ ದಿಂಡರೂ ಅಲ್ಲ. ನಗರದ ಮೂಲೆಮೂಲೆಗೂ ಧ್ವನಿವರ್ಧಕ ಹೊತ್ತು ನಿಂತ ಕಬ್ಬಿಣದ ಕಂಬಗಳಿವೆಯಲ್ಲ, ಆಪತ್ತು ಬಂದಾಗ ಜನರನ್ನು ಎಚ್ಚರಿಸಲಿಕ್ಕೆ ಅಂತ ನೆಟ್ಟದ್ದು, ಅವುಗಳಿಂದ ಹೊರಡುವ ಹೆಣ್ಣಿನ ದನಿ ಇವಳದು. ಅಷ್ಟಕ್ಕೇ ಆ ಹೆಸರು. ತರಕಾರಿಯವನು ತಕ್ಕಡಿ ಹಿಡಿದುಕೊಂಡೇ, "ಕಂಬದಮ್ಮಾ, ಒಂದ್ಸಲ 'ಹೆದರಬೇಡಿ' ಅನ್ನಿ, ಎರಡು ನಿಂಬೆಹಣ್ಣು ಜಾಸ್ತಿ ಹಾಕ್ತೀನಿ" ಅನ್ನುತ್ತಿದ್ದ. ಇವಳು ನಾಚಿಕೊಂಡು ಅನ್ನುತ್ತಿದ್ದಳು. ನಿಂಬೆಹಣ್ಣೂ ಬೀಳುತ್ತಿತ್ತು.

ಅವಳು ದುಡಿದದ್ದು ನಗರಸಭೆಯ ಟೆಲಿಫೋನ್ ಕೋಣೆಯಲ್ಲಿ. ಬಂದ ಕರೆಯನ್ನು ಬೇಕಾದವರಿಗೆ ಕೊಡುವುದು, ಬೇಡದವರಿಗೆ ಸಾಹೇಬರು ಇಲ್ಲ ಅನ್ನುವುದು, ಇಷ್ಟೇ ಕೆಲಸ. ಮನೆಯಲ್ಲಿ ಗಂಡನಿಗೂ ಗಟ್ಟಿಯಾಗಿ ಒಂದು ಮಾತು ಅಂದವಳಲ್ಲ. ಕಂಬಗಳನ್ನು ನೆಟ್ಟ ವರ್ಷ ಯಾರೋ ದೊಡ್ಡ ಅಧಿಕಾರಿ ಫೋನಿನಲ್ಲಿ ಇವಳ ದನಿ ಕೇಳಿ, "ಇದೇ ಬೇಕು, ಇದನ್ನು ಕೇಳಿದರೆ ಯಾರೂ ಗಾಬರಿ ಆಗೋದಿಲ್ಲ" ಅಂದರಂತೆ. ಹಳೇ ಕಡತಗಳ ಕೋಣೆಯ ಗೋಡೆಗೆಲ್ಲ ಕಂಬಳಿ ತೂಗುಹಾಕಿ, ಸದ್ದಾಗುತ್ತದೆಂದು ಫ್ಯಾನು ಆರಿಸಿ, ಇವಳನ್ನು ಮೈಕಿನ ಮುಂದೆ ಕೂರಿಸಿದರು. ಬೆವರು ಧಾರಾಕಾರ. ಅಧಿಕಾರಿ, "ಮಗು ಮಲಗಿಸುವಾಗ ಮಾತಾಡ್ತೀರಲ್ಲ, ಹಾಗೆ ಹೇಳಿ" ಅಂದರು. ಮಕ್ಕಳಿಲ್ಲದ ಹೆಂಗಸು ಅವಳು. ಆದರೂ ಹಾಗೇ ಹೇಳಿದಳು.

ಹೇಳಬೇಕಾದದ್ದು ಎರಡು. ಒಂದು, ನದಿಯಾಚೆಯ ಕಾರ್ಖಾನೆಯಿಂದ ವಿಷದ ಗಾಳಿ ಸೋರಿದರೆ: "ಹೆದರಬೇಡಿ. ಎಲ್ಲರೂ ಮನೆಯೊಳಗೇ ಇರಿ. ಬಾಗಿಲು ಕಿಟಕಿ ಮುಚ್ಚಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ." ಇನ್ನೊಂದು, ನದಿ ಉಕ್ಕಿದರೆ: "ನೀರು ಬರುತ್ತಿದೆ. ಇದ್ದ ಹಾಗೇ ಮನೆ ಬಿಡಿ. ಎತ್ತರದ ಕಡೆಗೆ ನಡೆಯಿರಿ." ಮೊದಲನೆಯದರ ಕೊನೆಗೆ ಕಾಗದದಲ್ಲಿ 'ಮುಂದಿನ ಪ್ರಕಟಣೆ ಹೊರಡುವ ಪರ್ಯಂತ ನಿರ್ಗಮಿಸತಕ್ಕದ್ದಲ್ಲ' ಅಂತ ಏನೋ ಇತ್ತು. ನಾಲಿಗೆ ಹೊರಳಲಿಲ್ಲ. "ನಾನು ಮತ್ತೆ ಹೇಳುವವರೆಗೆ ಹೊರಗೆ ಬರಬೇಡಿ" ಅಂದುಬಿಟ್ಟಳು. ಬೈಯುತ್ತಾರೆ ಅಂತ ಕಣ್ಣು ಮುಚ್ಚಿಕೊಂಡಳು. ಅಧಿಕಾರಿ ಮೇಜು ತಟ್ಟಿ, "ಇದೇ ಇರಲಿ, ಮನೆಯವರೇ ಹೇಳಿದ ಹಾಗಿದೆ" ಅಂದರು. ಯಂತ್ರ ಹೇಗೂ ಬಾಡಿಗೆಗೆ ತಂದಿದ್ದಾರಲ್ಲ ಅಂತ ಅದೇ ಸಂಜೆ ಕಚೇರಿಯ ಫೋನಿಗೂ ಇವಳಿಂದಲೇ "ದಯವಿಟ್ಟು ಕಾಯಿರಿ" ಹೇಳಿಸಿಕೊಂಡರು.

ಗಂಡ ನಗರ ಸಾರಿಗೆಯ ಬಸ್ಸು ಓಡಿಸುತ್ತಿದ್ದವನು. ಬಾಯಿ ತೆರೆದರೆ ಕುಚೋದ್ಯ. "ಎಲ್ಲರಿಗೂ ಹೆಂಡತಿ ಕಾಟ ಮನೇಲಿ. ನನಗೆ ನಿಲ್ದಾಣ ನಿಲ್ದಾಣದಲ್ಲೂ" ಅಂತ ಡಿಪೋದಲ್ಲಿ ಹೇಳಿ ನಗಿಸುತ್ತಿದ್ದ. ಒಳಗೊಳಗೇ ಅವನಿಗೂ ಹೆಮ್ಮೆಯೇ.

ಆದರೆ ಹೆಮ್ಮೆ ಅಂದರೆ ಅವಳ ಅಕ್ಕನದು. ತಾಯಿ ಸತ್ತ ಮೇಲೆ ಇವಳನ್ನು ಸಾಕಿದ್ದು ಅಕ್ಕ. ತಲೆ ಬಾಚಿದ್ದು, ಗದರಿಸಿದ್ದು, ಮದುವೆ ಮಾಡಿದ್ದು ಎಲ್ಲ ಅವಳೇ. ತಾನು ಮಾತ್ರ ಮದುವೆಯ ಉಸಾಬರಿಗೇ ಹೋಗಲಿಲ್ಲ. ನದಿ ದಂಡೆಯ ತಗ್ಗಿನ ಬಡಾವಣೆಯಲ್ಲಿ, ಒಂದು ಕಟ್ಟಡದ ನೆಲಮನೆಯಲ್ಲಿ, ಕಿಟಕಿ ಪರದೆ ದಿಂಬಿನ ಚೀಲ ಹೊಲಿದುಕೊಂಡು ಇದ್ದಳು. ಮೊಣಕಾಲು ನೋವು, ಮೂಗಿನ ತುದಿಯಲ್ಲಿ ಕೋಪ. ತಂಗಿಯ ಮಾತನ್ನು ಹುಟ್ಟಿದಾಗಿನಿಂದ ಒಂದು ದಿನ ಕಿವಿ ಮೇಲೆ ಹಾಕಿಕೊಂಡವಳಲ್ಲ. "ಅಕ್ಕಾ, ಮಾತ್ರೆ ತಗೋ" ಅಂದರೆ "ನೀನು ನನಗೆ ಹೇಳೋಳಾ?" "ಅಕ್ಕಾ, ನಮ್ಮ ಮನೆಗೆ ಬಂದಿರು, ಇಲ್ಲಿ ತೇವ" ಅಂದರೆ "ಬಸ್ ಡ್ರೈವರ್ ಜೋಕು ಕೇಳ್ಕೊಂಡು ಸಾಯೋದಕ್ಕಿಂತ ತೇವವೇ ವಾಸಿ."

ಅಂಥವಳು ಕಂಬದ ಮಾತು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದಳು! ವರ್ಷಕ್ಕೊಮ್ಮೆ ನಗರಸಭೆ ಅಣಕು ಕಾರ್ಯಾಚರಣೆ ಇಡುತ್ತಿತ್ತಲ್ಲ, ಆವತ್ತು ಮಿಕ್ಕವರು ಕಂಬ ಕೂಗಿದರೂ ಚಹಾ ಹೀರುತ್ತ ಬಾಗಿಲಲ್ಲೇ ನಿಂತಿರುತ್ತಿದ್ದರು. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಬಾಗಿಲು ಜಡಿದು, ಒದ್ದೆ ಬಟ್ಟೆ ತುರುಕಿ, ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಮುಗಿದ ಮೇಲೆ ಬೀದಿಗಿಳಿದು, "ನನ್ನ ತಂಗಿ ಬಾಯಿ ನೋಯಿಸ್ಕೊಂಡು ಹೇಳ್ತಾಳೆ, ನಿಮಗೇನು ಧಾಡಿ?" ಅಂತ ಒಬ್ಬೊಬ್ಬರನ್ನೂ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ತಂಗಿಗೆ ಫೋನು: "ಈ ಸಲ ನಿನ್ನ ದನಿ ಚೆನ್ನಾಗಿತ್ತು ಕಣೇ." ಅದು ಎಂದೋ ಹಿಡಿದಿಟ್ಟ ದನಿ, ಯಾವ ಸಲವೂ ಬೇರೆ ಆಗುವುದಿಲ್ಲ ಅಂತ ಎಷ್ಟು ಹೇಳಿದರೂ ಅಕ್ಕನ ತಲೆಗೆ ಹೋಗಲಿಲ್ಲ. ತಂಗಿ ಅಲ್ಲೆಲ್ಲೋ ಕೂತು ತನಗಾಗಿ ಮಾತಾಡುತ್ತಾಳೆ ಅಂತಲೇ ಅವಳ ನಂಬಿಕೆ.

ಈ ಅಣಕು ಕಾರ್ಯಾಚರಣೆಯ ಕಥೆ ಹೇಳಲೇಬೇಕು, ಹೇಳದಿದ್ದರೆ ಹೊಟ್ಟೆ ಉರಿ ಆರುವುದಿಲ್ಲ. ಮೊದಲ ವರ್ಷ ನೀರಿನದನ್ನೂ ನಡೆಸಿದರು. ಕಂಬ "ಎತ್ತರದ ಕಡೆಗೆ ನಡೆಯಿರಿ" ಅಂದಿತು. ಜನ ನಡೆದೇಬಿಟ್ಟರು! ಪೇಟೆ ಬಿಕೋ ಅಂದಿತು, ಸೇತುವೆಯ ಮೇಲೆ ಬಸ್ಸಿಗೆ ಬಸ್ಸು ಅಂಟಿಕೊಂಡಿತು, ವರ್ತಕರು ಬಾಯಿ ಬಡಿದುಕೊಂಡರು, ನಗರಾಧ್ಯಕ್ಷರ ಕಾರೇ ಬಿಸಿಲಲ್ಲಿ ಸಿಕ್ಕಿಕೊಂಡು ಅವರ ಊಟ ತಪ್ಪಿತು. ಸರಿ, ಮಾರನೆಯ ವರ್ಷದಿಂದ ನೀರಿನ ಸುದ್ದಿಯೇ ಇಲ್ಲ. ಗಾಳಿಯದೊಂದೇ. ಗಾಳಿಯದಾದರೆ ಎಷ್ಟು ಸಲೀಸು ನೋಡಿ, ಜನ ಒಂದಿಷ್ಟು ಹೊತ್ತು ಮನೆಯೊಳಗೆ ಕೂತರಾಯಿತು, ಯಾರ ಅಂಗಡಿಯೂ ಮುಚ್ಚಬೇಕಿಲ್ಲ, ಯಾರ ಊಟವೂ ತಪ್ಪಬೇಕಿಲ್ಲ. ನಿಯಂತ್ರಣ ಕೊಠಡಿಯ ಗಾಜಿನ ಗೋಡೆಯ ಮುಂದೆ ಎಲ್ಲರೂ ನಿಂತು ಫೋಟೋ ಹೊಡೆಸಿಕೊಂಡು, 'ನಗರ ಸರ್ವಸನ್ನದ್ಧ' ಅಂತ ಪತ್ರಿಕೆಯಲ್ಲಿ ಹಾಕಿಸಿ, ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಆ ಕೊಠಡಿಯಲ್ಲಿ ಕೆಂಪು ಗುಂಡಿ ಗಾಳಿಗೆ, ನೀಲಿ ಗುಂಡಿ ನೀರಿಗೆ. ವರ್ಷಾನುಗಟ್ಟಲೆ ಒತ್ತಿದ್ದು ಕೆಂಪನ್ನೇ. ಆ ಮೊದಲ ವರ್ಷ ಬಿಟ್ಟರೆ ನೀಲಿಯ ಮೇಲೆ ಯಾರ ಬೆರಳೂ ಬೀಳಲಿಲ್ಲ.

ಅವಳು ನಿವೃತ್ತಳಾಗಿ ಗುಡ್ಡದ ಬದಿಯ ಮನೆಯಲ್ಲಿ ಗಂಡನ ಜೊತೆ ಇದ್ದಾಗಲೇ ಅದು ಬಂದದ್ದು. ಮಧ್ಯಾಹ್ನ. ನಗರದಲ್ಲಿ ಒಂದು ಹನಿ ಮಳೆಯಿಲ್ಲ, ಸುಮ್ಮನೆ ಮೋಡ. ಮಳೆಯೆಲ್ಲ ಹೊಯ್ದದ್ದು ದೂರದ ಮೇಲ್ಸೀಮೆಯಲ್ಲಿ. ಅಲ್ಲಿಯ ಅಣೆಕಟ್ಟು ತುಂಬಿ, ಇನ್ನು ತಡೆಯಲಾಗದೆ ಬಾಗಿಲು ಎತ್ತಿದ್ದರು. ಅವಳು ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಬೀದಿಯ ಕಂಬ ಗೊರಗೊರ ಅಂದು, ಅವಳದೇ ದನಿಯಲ್ಲಿ, "ಹೆದರಬೇಡಿ. ಎಲ್ಲರೂ ಮನೆಯೊಳಗೇ ಇರಿ" ಅಂದಿತು. ಮತ್ತೆ ಅಣಕು ಇಟ್ಟಿದ್ದಾರೆ ಅಂದುಕೊಂಡು ಅವಳು ದಿಂಬಿನ ಚೀಲ ಮಡಿಸಿದಳು.

ಕೆಳಗಿನಿಂದ ಗಂಡ ಕೂಗಿದ. ರೇಡಿಯೋ ಅವನ ಕೈಯಲ್ಲೇ ಇತ್ತು. "ಲೇ, ಅಣೆಕಟ್ಟಿನ ಬಾಗಿಲು ಎತ್ತಿದ್ದಾರಂತೆ. ತಗ್ಗಿನವರೆಲ್ಲ ಖಾಲಿ ಮಾಡಬೇಕಂತೆ. ನೀನೇನೇ ಒಳಗಿರಿ ಅಂತಿದೀಯ?"

ಅವಳು ಅಂಚಿಗೆ ಓಡಿದಳು. ಬಟ್ಟೆ ಅಲ್ಲೇ ಬಿತ್ತು. ಮಾಳಿಗೆಯಿಂದ ನೋಡಿದರೆ ಕೆಳಗೆ ಬೀದಿಬೀದಿಗಳಲ್ಲೂ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಎಂದೂ ಮಾತು ಕೇಳದ ಜನ ಆವತ್ತು ಕೇಳುತ್ತಿದ್ದರು. ಆಗಸದ ಬಣ್ಣ ನೋಡಿ ಹೆದರಿದ್ದರೋ ಏನೋ. ನದಿ ಮನೆಗಳ ಹಿಂದೆ ಮರೆಯಾಗಿತ್ತು, ಕಾಣಿಸಲಿಲ್ಲ. ಅವಳ ಬಾಯಲ್ಲಿ ಒಂದೇ ಮಾತು, "ಅಯ್ಯೋ ಅಕ್ಕ, ಅಯ್ಯೋ ಅಕ್ಕ."

ಅಕ್ಕನಿಗೆ ಫೋನು ಹಚ್ಚಿದಳು, ಹೋಗಲಿಲ್ಲ. ನಗರವೆಲ್ಲ ಒಟ್ಟಿಗೇ ಫೋನು ಹಿಡಿದು ಕೂತಾಗ ಹೋಗುವುದಾದರೂ ಹೇಗೆ? ನಿಯಂತ್ರಣ ಕೊಠಡಿಗೆ ಹಚ್ಚಿದಳು. ಅದು ಹೋಯಿತು. ಆ ಕಡೆಯಿಂದ ಇಂಪಾದ ದನಿ, "ದಯವಿಟ್ಟು ಕಾಯಿರಿ. ನಿಮ್ಮ ಕರೆ ನಮಗೆ ಮುಖ್ಯ." ಅವಳದೇ! "ಕಾಯೋಕಾಗಲ್ಲ, ಯಾರಾದ್ರೂ ಎತ್ಕೊಳ್ರೋ!" ಅಂತ ಇವಳು ಕಿರುಚಿದಳು. "ದಯವಿಟ್ಟು ಕಾಯಿರಿ" ಅಂದಿತು ಅದು. ತನ್ನ ಬಾಯಿಯನ್ನೇ ಹಿಡಿದು ಬಡಿಯಬೇಕು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ಬಡಿದುಕೊಂಡಿತು. ಅಕ್ಕ!

"ಹಲೋ, ಹಲೋ, ಕೇಳಿಸ್ತಾ ಇದೆಯೇನೇ?" ಅಂದಳು ಅಕ್ಕ.

"ಅಕ್ಕಾ, ಹೊರಗೆ ಬಾ! ನೀರು ಬರ್ತಿದೆ! ಮೆಟ್ಟಿಲು ಹತ್ತಿ ಮೇಲೆ ಹೋಗು!"

"ಹಲೋ? ಏನೂ ಕೇಳಿಸ್ತಿಲ್ಲ ಕಣೇ, ಬರೀ ಗೊರಗೊರ. ಇರಲಿ, ನಾನು ಹೇಳೋದು ನಿನಗೆ ಕೇಳಿಸಿದ್ರೆ ಸಾಕು. ನೀನೇನೂ ಗಾಬರಿ ಮಾಡ್ಕೋಬೇಡ. ನೀನು ಹೇಳಿದ ಹಾಗೇ ಎಲ್ಲ ಮುಚ್ಚಿದೀನಿ. ಬಟ್ಟೆನೂ ಇಟ್ಟಿದೀನಿ."

"ಅಕ್ಕಾ! ನಾನಲ್ಲ ಅದು! ನೀರು ಅಕ್ಕಾ, ನೀರು!"

"ಫೋನಲ್ಲಿ ನಿನ್ನ ಮಾತು ಕೇಳಿಸ್ತಿಲ್ಲ. ಕಂಬದಲ್ಲಿ ಚೆನ್ನಾಗಿ ಕೇಳಿಸ್ತಿದೆ. ನೋಡು." ಅಕ್ಕ ಫೋನನ್ನು ಕಿಟಕಿಯ ಹತ್ತಿರ ಹಿಡಿದಿರಬೇಕು. ಮುಚ್ಚಿದ ಕಿಟಕಿಯಾಚೆಯಿಂದ, ಮಗು ಮಲಗಿಸುವ ದನಿಯಲ್ಲಿ, "ನಾನು ಮತ್ತೆ ಹೇಳುವವರೆಗೆ ಹೊರಗೆ ಬರಬೇಡಿ" ಅಂತ ಬಂತು. ಇವಳು ಗಂಟಲು ಹರಿಯುವ ಹಾಗೆ ಕೂಗಿದಳು. ಅಕ್ಕ, "ಸರಿ ಬಿಡು, ಮುಗಿದ ಮೇಲೆ ಮಾಡ್ತೀನಿ. ನೀನೂ ಒಂದು ಲೋಟ ನೀರು ಕುಡಿ, ಒಂದೇ ಸಮ ಮಾತಾಡ್ತಿದೀಯ" ಅಂದಳು. ಫೋನು ಕಡಿದುಹೋಯಿತು. ಆಮೇಲೆ ಎಷ್ಟು ಸಲ ಒತ್ತಿದರೂ ಸೇರಲಿಲ್ಲ.

ಗಂಡ ಆವತ್ತು ಒಂದು ಕುಚೋದ್ಯವನ್ನೂ ಆಡಲಿಲ್ಲ. ಸ್ಕೂಟರು ತೆಗೆದು, "ಕೂತ್ಕೋ, ಅಕ್ಕನ ಮನೆಗೇ ಹೋಗೋಣ" ಅಂದ. ಸೇತುವೆಯ ತುದಿಯಲ್ಲಿ ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು. ಗಾಳಿ ವಿಷವಂತೆ, ಯಾರನ್ನೂ ಬಿಡಬಾರದಂತೆ, ಕಂಬ ಹೇಳುವುದು ಕೇಳಿಸುವುದಿಲ್ಲವೇ ಅಂದರು. "ಸ್ವಾಮಿ, ಕಂಬದಲ್ಲಿ ಮಾತಾಡ್ತಿರೋದು ನಾನೇ. ಅದು ತಪ್ಪು" ಅಂದಳು. ಪೊಲೀಸ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು, ಹೊರಡುತ್ತಿದ್ದದ್ದು ಒಡಕು ಗಡಿಗೆಯ ಸದ್ದು. "ಯಜಮಾನ್ರೇ, ಇವರನ್ನ ಮನೆಗೆ ಕರ್ಕೊಂಡು ಹೋಗಿ, ಗಾಬರಿ ಆಗಿದ್ದಾರೆ" ಅಂತ ಗಂಡನಿಗೆ ಹೇಳಿದ. ಪಾಪ, ಮರ್ಯಾದೆಯಿಂದಲೇ ಹೇಳಿದ. ಅವನ ತಪ್ಪಾದರೂ ಏನು? ಇವಳು ಹಗ್ಗದ ಅಡಿಯಿಂದ ನುಸುಳಲು ನೋಡಿದಳು. ಇಬ್ಬರು ಹಿಡಿದು ಹಿಂದಕ್ಕೆ ತಂದರು.

ಅಲ್ಲಿಂದ ನಗರಸಭೆಗೆ. ಹಿಂದೆ ದಿನವೂ ನಮಸ್ಕಾರ ಮಾಡುತ್ತಿದ್ದ ಗೇಟಿನವನು ಇಂದು ಗೇಟು ತೆಗೆಯಲಿಲ್ಲ. "ಅಮ್ಮಾವ್ರೇ, ತುರ್ತು ಇದೆ, ಚೀಟಿ ಇಲ್ದೆ ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ" ಅಂತ ಅಳುಮುಖ ಮಾಡಿಕೊಂಡ. ಅವಳು ಸರಳುಗಳನ್ನು ಹಿಡಿದು ಅಲ್ಲಾಡಿಸಿದಳು. ಅವಳ ನೆತ್ತಿಯ ಮೇಲೆಯೇ ಕಂಬವೊಂದು ಬಾಗಿಲು ಕಿಟಕಿ ಮುಚ್ಚಿ ಅನ್ನುತ್ತಿತ್ತು. ಒಳಗಿದ್ದವರಿಗೆ ಮಾತ್ರ ಅದು ಕೇಳಿಸುತ್ತಿರಲಿಲ್ಲ. ಗಾಜಿನ ಕೊಠಡಿಗೆ ಹೊರಗಿನ ಸದ್ದು ಬರಬಾರದು ಅಂತ ಮುತುವರ್ಜಿಯಿಂದ ಕಟ್ಟಿಸಿದ್ದರು. ಅವರೆಲ್ಲ ದೋಣಿ ಎಲ್ಲಿ, ಲಾರಿ ಎಲ್ಲಿ, ಜನ ಇನ್ನೂ ಯಾಕೆ ಸೇತುವೆ ದಾಟಿ ಬಂದಿಲ್ಲ ಅಂತ ಫೋನಿನಲ್ಲಿ ಒಬ್ಬರಿಗೊಬ್ಬರು ಅರಚುತ್ತಿದ್ದರು. ಯಾಕೆ ಬಂದಿಲ್ಲ! ರೂಢಿಯ ಬೆರಳಿನಿಂದ ಕೆಂಪು ಗುಂಡಿಯನ್ನೇ ಒತ್ತಿ, ಬರಬೇಡಿ ಅಂತ ತಾವೇ ಕೂಗಿಸುತ್ತಿದ್ದಾರೆ ಅನ್ನುವ ಅರಿವು ಒಬ್ಬರಿಗಾದರೂ ಬೇಡವೇ?

ಕೊನೆಗೆ ಚಿಕ್ಕ ವಯಸ್ಸಿನ ಇಂಜಿನಿಯರೊಬ್ಬ ಸಿಗರೇಟು ಸೇದಲು ಹೊರಗೆ ಬಂದ. ಹಚ್ಚಿಕೊಳ್ಳುವ ಮುಂಚೆಯೇ ಕಂಬದ ಮಾತು ಅವನ ಕಿವಿಗೆ ಬಿತ್ತು. ಅವನು ತಲೆಯೆತ್ತಿ ಕೇಳಿದ. ಗೇಟಿನ ಸರಳಿನಾಚೆ ನಿಂತ ಮುದುಕಿಯನ್ನು ನೋಡಿದ. ಅವಳು ದನಿಯಿಲ್ಲದೆ, ಬರೀ ತುಟಿಯಲ್ಲಿ, "ನೀರು" ಅಂದಳು. ಅವನು ಸಿಗರೇಟು ಎಸೆದು, ಎದ್ದೆನೋ ಬಿದ್ದೆನೋ ಅಂತ ಒಳಗೆ ಓಡಿದ.

ಸ್ವಲ್ಪ ಹೊತ್ತಿಗೆ ಕಂಬ ಗೊರಗೊರ ಅಂದು ಸುಮ್ಮನಾಯಿತು. ಆಮೇಲೆ ಅವಳೇ ಮರೆತುಹೋಗಿದ್ದ ಅವಳ ಮಾತು, "ನೀರು ಬರುತ್ತಿದೆ. ಇದ್ದ ಹಾಗೇ ಮನೆ ಬಿಡಿ." ಅವಳು ಗಂಡನ ತೋಳು ಹಿಡಿದು ಅತ್ತುಬಿಟ್ಟಳು. "ಇನ್ನು ಬರ್ತಾಳೆ. ನಾನು ಹೇಳಿದ್ರೆ ಬಂದೇ ಬರ್ತಾಳೆ" ಅಂದಳು. ಗಂಡ ಹೂಂ ಅಂದ. ತಗ್ಗಿನ ಕಂಬಗಳ ಬ್ಯಾಟರಿ ಡಬ್ಬಿಗಳನ್ನು ಬುಡದಲ್ಲೇ ಕೂರಿಸಿದ್ದರು, ರಿಪೇರಿಯವರಿಗೆ ಬಗ್ಗಿ ತೆಗೆಯಲು ಸುಲಭವಾಗಲಿ ಅಂತ. ನೀರು ಮೊದಲು ನುಂಗಿದ್ದೇ ಅವನ್ನು. ಆ ಹೊತ್ತಿಗೆ ತಗ್ಗಿನಲ್ಲಿ ಒಂದು ಕಂಬವೂ ಮಾತಾಡುತ್ತಿರಲಿಲ್ಲ. ಇದು ಗೇಟಿನ ಮುಂದೆ ನಿಂತ ಅವಳಿಗೆ ಗೊತ್ತಾಗುವ ಬಗೆ ಯಾವುದು?

ಮರುದಿನ ಬೆಳಗ್ಗೆ ಗಂಡಹೆಂಡತಿ ಆಶ್ರಯ ಕೇಂದ್ರಗಳನ್ನು ಹುಡುಕುತ್ತ ಹೊರಟರು. ಶಾಲೆಗಳು, ಸಭಾಂಗಣಗಳು, ಕಡೆಗೆ ಒಂದು ಆಟದ ಮೈದಾನದ ಒಳಕೋಣೆ. ನೆಲದ ಮೇಲೆ ಸಾಲಾಗಿ ಚಾಪೆ, ಒಣಗಲು ಹಾಕಿದ ಬಟ್ಟೆ, ಅಳುವ ಮಕ್ಕಳು. ಅವಳು ಪ್ರತಿಯೊಂದು ಬಿಳಿ ತಲೆಯ ಹತ್ತಿರವೂ ಬಗ್ಗಿ ನೋಡುತ್ತಿದ್ದಳು. ಅದಲ್ಲ ಅನ್ನಿಸಿದಾಗ, ತಪ್ಪಾಯ್ತು ಅಂತ ಕೈಸನ್ನೆ ಮಾಡಿ ಮುಂದೆ ಹೋಗುತ್ತಿದ್ದಳು. ಗಂಟಲಿನಿಂದ ಮಾತು ಹೊರಡುತ್ತಿರಲಿಲ್ಲ. ಗಂಡನೇ ಅಕ್ಕನ ಕಟ್ಟಡದ ಗುರುತು ಹೇಳಿ, ಮೊಣಕಾಲು ನೋವಿನ, ಪರದೆ ಹೊಲಿಯುವ ಹೆಂಗಸು ಅಂತ ಕೇಳುತ್ತಿದ್ದ.

ಒಬ್ಬ ಹೆಂಗಸು ಎದ್ದು ಬಂದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು, ಅಕ್ಕನ ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು. ಇವಳ ಎರಡೂ ಕೈ ಹಿಡಿದುಕೊಂಡು ಚಾಪೆಯ ಮೇಲೆ ಕೂರಿಸಿದಳು. ಆ ಹಿಡಿತದಲ್ಲೇ ಇವಳಿಗೆ ತಿಳಿದುಹೋಯಿತು. ಆದರೂ ಕಣ್ಣಲ್ಲೇ ಕೇಳಿದಳು.

"ನಾನು ಕರೆದೆ ಅಮ್ಮಾ. ದೇವರಾಣೆ ಕರೆದೆ" ಅಂದಳು ಆ ಹೆಂಗಸು. "ಮೇಲಿನ ಕಿಟಕಿಯಿಂದ ನೋಡಿದ್ರೆ ಬೀದಿ ತುದೀಲಿ ನೀರು ಹರೀತಿತ್ತು. ಕೆಳಗಿಳಿದು ಬಾಗಿಲು ಬಡಿದೆ. 'ಅಜ್ಜಿ, ನೀರು ಬಂತು, ಮೇಲೆ ಬನ್ನಿ, ನಾನು ಹೊತ್ಕೊಂಡಾದ್ರೂ ಹೋಗ್ತೀನಿ' ಅಂದೆ. ಹತ್ತೇ ಹೆಜ್ಜೆ ಆಚೆಗೆ ಮೆಟ್ಟಿಲು. ಬಾಗಿಲು ತೆಗೀಲೇ ಇಲ್ಲ. ನನಗೇ ಬೈದ್ರು, ವಿಷದ ಗಾಳಿ ಕುಡೀತಾ ನಿಂತಿದೀಯಲ್ಲ, ಒಳಗೆ ಹೋಗು ಅಂತ. ಮೊಣಕಾಲುದ್ದ ಬಂದಾಗ ಮತ್ತೆ ಬಡಿದೆ. ಒಳಗೆ ಎಲ್ಲ ಕಡೆ ಬಟ್ಟೆ ತುರುಕಿದ್ರೋ ಏನೋ, ಅವರ ಕಾಲಿಗೆ ನೀರು ಇನ್ನೂ ತಾಗಿರಲಿಲ್ಲ ಅನ್ಸುತ್ತೆ. ನಂಬಲೇ ಇಲ್ಲ. ಆಮೇಲೆ ನನ್ನ ಮಕ್ಕಳು ಮೇಲಿಂದ ಕಿರುಚ್ಕೊಂಡ್ರು, ನಾನು ಹತ್ತಿಬಿಟ್ಟೆ. ಸಂಜೆ ಅಗ್ನಿಶಾಮಕದವರು ಬಾಗಿಲು ಒಡೆದು ತೆಗೆದ್ರು. ಆಸ್ಪತ್ರೇಲಿ ಇಟ್ಟಿದ್ದಾರೆ. ಗುರುತು ಹಿಡಿಯೋರು ಯಾರಾದ್ರೂ ಬೇಕಂತೆ."

ಗಂಡ ಗೋಡೆಗೆ ಮುಖ ಮಾಡಿ ನಿಂತ. ಆ ಹೆಂಗಸು ಕಣ್ಣೊರೆಸಿಕೊಂಡು, ಕೋಪ ಉಕ್ಕಿ, "ಆ ಕಂಬದಲ್ಲಿ ಮಾತಾಡೋಳ ಬಾಯಿಗೆ ಮಣ್ಣು ಬೀಳ!" ಅಂದಳು. "ಅವಳಿಂದ್ಲೇ ಅಲ್ವಾ ಎಲ್ಲ?"

ಹಿಡಿದ ಕೈ ಹಿಡಿದ ಹಾಗೇ ಇತ್ತು.

"ಕೊನೇ ಸಲ ಬಡಿದಾಗ ಅಜ್ಜಿ ಒಳಗಿಂದ ಏನಂದ್ರು ಗೊತ್ತಾ?" ಅಂದಳು ಆ ಹೆಂಗಸು. "'ನೀರಾಗಿದ್ರೆ ನನ್ನ ತಂಗಿ ನನಗೆ ಹೇಳ್ತಿರಲಿಲ್ವೇನೇ?' ಅಂದ್ರು. ಯಾವ ತಂಗಿಯೋ, ಎಲ್ಲಿದ್ದಾಳೋ ಪಾಪ, ನನಗೇನು ಗೊತ್ತು. ನೀವು ಅವರಿಗೆ ಏನಾಗ್ಬೇಕಮ್ಮಾ?"

ಅವಳು ಬಾಯಿ ತೆರೆದಳು. ಆಮೇಲೆ ಒಡಕು ಗಂಟಲಿನಿಂದ, ಯಾರಿಗೂ ಗುರುತು ಹತ್ತದ ಹಾಗೆ, "ತಂಗಿ" ಅಂದಳು.